ವಿದೇಶಿ ಮಗುವಿಗೆ ಒಂದು ವರ್ಷ ಮನೆ: ತುಮಕೂರಲ್ಲಿ ಏನೇನು ಸಿದ್ಧ ಇರಬೇಕು

ತೆರೆ ಮೇಲೆ ಕಾಣ್ತಿರೋದು ತುಮಕೂರಿನ ಒಂದು ಸಾಮಾನ್ಯ ಮನೆ. ಮುಂದೆ ತುಳಸಿಕಟ್ಟೆ, ಪಕ್ಕದಲ್ಲಿ ಸಂಪು, ಮೇಲೆ ಸೋಲಾರ್. ಜರ್ಮನಿಯಿಂದಲೋ ಬ್ರೆಜಿಲ್‌ನಿಂದಲೋ ಹದಿನಾರು ಹದಿನೇಳರ ಮಗು ಬಂದು ಒಂದು ಶೈಕ್ಷಣಿಕ ವರ್ಷ ಇರೋಕೆ ಇಷ್ಟು ಸಾಕು. ಎಸಿ ಬೇಡ, ಮಾಡ್ಯುಲರ್ ಕಿಚನ್ ಬೇಡ. ಪ್ರತ್ಯೇಕ ಮಂಚ ಮಾತ್ರ ಬೇಕೇ ಬೇಕು. ನಿಮ್ಮ ಮಗಳ ಕೋಣೆಯಲ್ಲೇ ಇನ್ನೊಂದು ಹುಡುಗಿ ಇರಬಹುದು, ಮಂಚ ಹಂಚ್ಕೊಳ್ಳೋ ಹಾಗಿಲ್ಲ.

ದುಡ್ಡಿನ ವಿಷಯ ಮೊದಲೇ ಹೇಳಿಬಿಡೋಣ. ಇಂಥ ಮಕ್ಕಳನ್ನ ಒಂದು ದೇಶದಿಂದ ಇನ್ನೊಂದಕ್ಕೆ ಕಳಿಸೋ ರೋಟರಿ ಯೂತ್ ಎಕ್ಸ್‌ಚೇಂಜ್ ಆಗಲಿ, ಎಎಫ್‌ಎಸ್ ಅನ್ನೋ ಸಂಸ್ಥೆ ಆಗಲಿ, ಆತಿಥ್ಯ ಕೊಡೋ ಮನೆಗೆ ಬಾಡಿಗೆ ಕೊಡಲ್ಲ. ಇದು ಪಿಜಿ ಅಲ್ಲ. ವಿಮಾನದ ಖರ್ಚು, ವಿಮೆ ಮಗುವಿನ ಕಡೆಯವರದು. ಊಟ, ವಸತಿ ನಿಮ್ಮದು. ರೋಟರಿಯಲ್ಲಿ ತಿಂಗಳ ಪಾಕೆಟ್ ಮನಿ ಇಲ್ಲಿನ ಕ್ಲಬ್ ಕೊಡತ್ತೆ, ವರ್ಷದಲ್ಲಿ ಮಗು ಒಂದಕ್ಕಿಂತ ಹೆಚ್ಚು ಮನೆಯಲ್ಲಿ ಇರತ್ತೆ. ಒಪ್ಪೋ ಮುಂಚೆ ಮನೆಗೆ ಬಂದು ನೋಡ್ತಾರೆ, ಮನೆಯಲ್ಲಿರೋ ದೊಡ್ಡವರೆಲ್ಲರ ಹಿನ್ನೆಲೆ ವಿಚಾರಿಸ್ತಾರೆ. ಬೇಜಾರು ಮಾಡ್ಕೋಬೇಡಿ. ನಿಮ್ಮ ಮಗುವನ್ನ ಆ ದೇಶಕ್ಕೆ ಕಳಿಸಿದ್ರೆ ನೀವೂ ಅದನ್ನೇ ಕೇಳ್ತಿದ್ರಿ.

ಈಗ ಕಾಗದ ಪತ್ರ. ಹೆಚ್ಚಿನವರು ಎಡವೋದು ಇಲ್ಲೇ. ವಿದೇಶಿಯರು ನಿಮ್ಮ ಮನೆಗೆ ಬಂದ 24 ಗಂಟೆಯೊಳಗೆ ಸರ್ಕಾರದ ಪೋರ್ಟಲ್‌ನಲ್ಲಿ ಮಾಹಿತಿ ಕೊಡಬೇಕು. ಇದನ್ನ ಎಲ್ರೂ ‘ಫಾರ್ಮ್ ಸಿ’ ಅಂತಾರೆ. 2025ರ ಸೆಪ್ಟೆಂಬರ್‌ನಿಂದ ವಲಸೆ ಮತ್ತು ವಿದೇಶಿಯರ ಹೊಸ ಕಾಯ್ದೆ ಜಾರಿಗೆ ಬಂದಿದೆ, ಬಾಯಿಗೆ ಮಾತ್ರ ಹಳೇ ಹೆಸರೇ ಬರತ್ತೆ. ಲಾಡ್ಜ್‌ಗಳಿಗೆ ಮಾತ್ರ ಅಂದ್ಕೋಬೇಡಿ, ಮನೆಗೂ ಅನ್ವಯ. ಎಡವೋದು ಎಲ್ಲಿ ಅಂದ್ರೆ, ಫಾರ್ಮ್ ತುಂಬೋಕೆ ಮುಂಚೆ ನಿಮ್ಮ ಮನೆ ಆ ಪೋರ್ಟಲ್‌ನಲ್ಲಿ ನೋಂದಣಿಯಾಗಿ, ಅಧಿಕಾರಿ ಒಪ್ಪಿಗೆ ಕೊಟ್ಟು, ಲಾಗಿನ್ ಸಿಕ್ಕಿರಬೇಕು. ಮಗು ಬಂದ ದಿನ ಕೂತ್ಕೊಂಡು ನೋಂದಣಿ ಶುರು ಮಾಡಿದ್ರೆ 24 ಗಂಟೆ ಕಾಯಲ್ಲ. ಮೂರು ನಾಲ್ಕು ವಾರ ಮುಂಚೆಯೇ ಮುಗಿಸಿಡಿ.

ಇನ್ನೊಂದು, ಎಫ್‌ಆರ್‌ಆರ್‌ಒ, ಅಂದ್ರೆ ವಿದೇಶಿಯರ ನೋಂದಣಿ ಕಚೇರಿಯಲ್ಲಿ ಮಗುವಿನ ನೋಂದಣಿ. 180 ದಿನಕ್ಕಿಂತ ಹೆಚ್ಚಿನ ವಿದ್ಯಾರ್ಥಿ ವೀಸಾ ಇದ್ರೆ, ಭಾರತಕ್ಕೆ ಬಂದ 14 ದಿನದೊಳಗೆ. ನಿಮ್ಮ ಮನೆಗೆ ಬಂದ ದಿನದಿಂದಲ್ಲ, ಇಮಿಗ್ರೇಷನ್ ಮೊಹರು ಬಿದ್ದ ದಿನದಿಂದ ಲೆಕ್ಕ. ಬೆಂಗಳೂರಲ್ಲಿ ಎರಡು ದಿನ ಓರಿಯೆಂಟೇಷನ್ ಇದ್ರೆ ಅಷ್ಟು ಕಳೆದೇ ಹೋಯ್ತು. ಪಾಸ್‌ಪೋರ್ಟ್, ವೀಸಾ, ಫೋಟೊ, ಕಾಲೇಜಿನ ಬೋನಫೈಡ್, ವಾಸದ ದಾಖಲೆ ಕೇಳ್ತಾರೆ. ವಾಸದ ದಾಖಲೆಗೆ ಬೆಸ್ಕಾಂ ಬಿಲ್ ಕೊಡೋಣ ಅಂತ ತೆಗೆದು ನೋಡಿದ್ರೆ ಅದು ತೀರಿಹೋದ ತಾತನ ಹೆಸರಲ್ಲಿ ಇರತ್ತೆ. ನಮ್ಮ ಕಡೆ ಅರ್ಧ ಮನೆಗಳ ಕಥೆ ಇದೇ. ಖಾತೆ, ಕಂದಾಯದ ರಸೀದಿ ಈಗಲೇ ಹುಡುಕಿಡಿ. ಹೆಸರು ಪಾಸ್‌ಪೋರ್ಟ್‌ನಲ್ಲಿ ಇರೋ ಹಾಗೇ ತುಂಬಿ, ಮಧ್ಯದ ಹೆಸರನ್ನೂ ಬಿಡಬೇಡಿ. ಮಗು ಎರಡನೇ ಮನೆಗೆ ಹೋದಾಗ ಆ ಮನೆಯವರು ಮತ್ತೆ 24 ಗಂಟೆಯೊಳಗೆ ತಿಳಿಸಬೇಕು, ವಿಳಾಸವನ್ನೂ ಬದಲಾಯಿಸಬೇಕು.

ನೀರಿಗೆ ಬರೋಣ. ತುಮಕೂರು ಪೇಟೆಗೆ ಹೇಮಾವತಿ ನೀರು ಬರತ್ತೆ, ಆದ್ರೆ ಬೇಸಿಗೆಯಲ್ಲಿ ಸಂಪಿಗೆ ಬೋರ್‌ವೆಲ್ ಟ್ಯಾಂಕರ್ ಸುರಿಯೋದೂ ಉಂಟು. ಪಾವಗಡ, ಮಧುಗಿರಿ, ಶಿರಾ ಕಡೆ, ಹಾಗೇ ಕೋಲಾರ, ಚಿಕ್ಕಬಳ್ಳಾಪುರದಲ್ಲೂ ಕೊಳವೆಬಾವಿ ನೀರಲ್ಲಿ ಫ್ಲೋರೈಡ್ ಜಾಸ್ತಿ. ‘ಕಾಯಿಸಿ ಕೊಡ್ತೀವಿ ಬಿಡಿ’ ಅನ್ನೋದು ಇದಕ್ಕೆ ಉತ್ತರ ಅಲ್ಲ. ಕಾಯಿಸಿದ್ರೆ ಕ್ರಿಮಿ ಸಾಯತ್ತೆ, ಫ್ಲೋರೈಡ್ ಹೋಗಲ್ಲ. ನೀರು ಆವಿಯಾದಷ್ಟೂ ಉಳಿದದ್ದು ಗಟ್ಟಿಯಾಗತ್ತೆ. ಆರ್‌ಒ ನೀರೇ ಬೇಕು. ಮೊದಲ ತಿಂಗಳು ಹಲ್ಲುಜ್ಜೋಕೂ ಅದೇ ನೀರು, ಬಚ್ಚಲಲ್ಲಿ ಒಂದು ಬಾಟಲ್ ಇಟ್ಟುಬಿಡಿ.

ಅಷ್ಟಾದ್ರೂ ಮೊದಲ ಹತ್ತು ದಿನದಲ್ಲಿ ಹೊಟ್ಟೆ ಕೆಡಬಹುದು. ಓಆರ್‌ಎಸ್ ಪೊಟ್ಟಣ ಮನೆಯಲ್ಲಿರಲಿ, ಮೇಲೆ ಬರೆದಷ್ಟೇ ನೀರಿಗೆ ಕಲಸಿ. ಇಲ್ಲದಿದ್ರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡೂ ಸಮತಟ್ಟಾಗಿ. ಉಪ್ಪು ಕೈಯಳತೆಯಲ್ಲಿ ಹಾಕಬೇಡಿ, ಜಾಸ್ತಿಯಾದ್ರೆ ಅಪಾಯ. ರಕ್ತ ಬಿದ್ರೆ, ಜ್ವರ ಬಂದ್ರೆ, ನೀರು ಕೂಡ ನಿಲ್ಲದಿದ್ರೆ ಡಾಕ್ಟರ್ ಹತ್ರ.

ಹೊರಗಿನ ತಿಂಡಿಯಲ್ಲಿ ಮೊದಲ ವಾರ ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಭಯವಿಲ್ಲ, ಹಬೆಯಿಂದ ನೇರ ತಟ್ಟೆಗೆ ಬರತ್ತೆ. ಅನುಮಾನ ಇರೋದು ಚಟ್ನಿ ನೀರಿನ ಮೇಲೆ. ಪಾನಿಪುರಿಗೆ ಇನ್ನೂ ಒಂದು ತಿಂಗಳು ತಡೀರಿ.

ಅಲರ್ಜಿ ಇದೆಯಾ ಅಂತ ಅರ್ಜಿಯಲ್ಲಿ ಓದಿ, ಆಮೇಲೆ ನಿಮ್ಮ ಡಬ್ಬಿಗಳನ್ನ ಓದಿ. ಕಡಲೆಕಾಯಿ ಆಗಲ್ಲ ಅಂದ್ರೆ ಚಟ್ನಿ, ಚಿತ್ರಾನ್ನ, ಪುಳಿಯೋಗರೆ ಮೂರೂ ಹೋಯ್ತು. ಗೋಧಿ ಆಗದ ಮಗುವಿಗೆ ಅನ್ನ ಸಾರು ಸಾಕು ಅಂದ್ಕೊಂಡಿರ್ತೀವಿ. ಅಂಗಡಿ ಇಂಗಿನಲ್ಲಿ ಸಾಮಾನ್ಯವಾಗಿ ಮೈದಾ ಬೆರೆತಿರತ್ತೆ, ಒಗ್ಗರಣೆ ಮೂಲಕ ದಿನಾ ಹೊಟ್ಟೆಗೆ ಹೋಗ್ತಿರತ್ತೆ.

ಖಾರಕ್ಕೆ ಬೇರೆ ಅಡುಗೆ ಮಾಡೋಕೆ ಹೋಗಬೇಡಿ, ವರ್ಷಪೂರ್ತಿ ಆಗಲ್ಲ. ಬೇಳೆ ಬೆಂದ ಮೇಲೆ ಹುಳಿಪುಡಿ ಹಾಕೋ ಮುಂಚೆ ಒಂದು ಸೌಟು ಎತ್ತಿಡಿ. ವಾರ ವಾರಕ್ಕೆ ಆ ಸೌಟಿಗೆ ಮಾಮೂಲಿ ಸಾರು ಬೆರೆಸ್ತಾ ಹೋಗಿ.

ಈಗ ಈ ಕೈಯನ್ನೇ ನೋಡಿ. ಒಂದು ಲೋಟ ರಾಗಿ ಹಿಟ್ಟಿಗೆ ಎರಡು ಲೋಟ ನೀರಿನ ಲೆಕ್ಕದಲ್ಲಿ ತೊಳಸಿದ ಮುದ್ದೆ. ಹೊಸಬರು ನಿಂಬೆಹಣ್ಣಿನ ಗಾತ್ರ ಮುರಿದು ಬಾಯಿಗಿಟ್ಟು ಅಗಿಯೋಕೆ ಶುರು ಮಾಡ್ತಾರೆ, ಅಂಗುಳಕ್ಕೆ ಮೆತ್ಕೊಂಡು ಕೂರತ್ತೆ. ಅಡಿಕೆ ಗಾತ್ರ ಮುರೀಬೇಕು, ಬೆರಳ ತುದಿಯಲ್ಲಿ ಉಂಡೆ ಮಾಡಿ ಬಸ್ಸಾರಲ್ಲಿ ಪೂರ್ತಿ ಹೊರಳಿಸಬೇಕು, ಹಲ್ಲಿಗೆ ತಾಗಿಸದೆ ನುಂಗಬೇಕು. ಸಾರು ಕಮ್ಮಿಯಾದ್ರೆ ಗಂಟಲಲ್ಲಿ ಜಾರಲ್ಲ. ಮೊದಲ ಸಲ ಅರ್ಧ ಮುದ್ದೆ ಸಾಕು.

ಊಟದ ಜೊತೆ ಒಂದು ಪದ ಕಲಿಸಿ: ‘ಸಾಕು’. ತಟ್ಟೆ ಖಾಲಿ ಮಾಡೋದು ಮರ್ಯಾದೆ ಅಂತ ಅವರು ಖಾಲಿ ಮಾಡ್ತಾರೆ, ಖಾಲಿಯಾಯ್ತಲ್ಲ ಅಂತ ಅಜ್ಜಿ ಬಡಿಸ್ತಾರೆ. ಇಬ್ಬರೂ ಸಭ್ಯರೇ, ಹೊಟ್ಟೆ ಮಾತ್ರ ಒಂದೇ. ಎಲೆ ಮೇಲೆ ಅಂಗೈ ಅಡ್ಡ ಹಿಡಿಯೋದನ್ನ ಮೊದಲ ದಿನವೇ ತೋರಿಸಿ. ‘ಊಟ ಆಯ್ತಾ?’ ಅಂತ ರಸ್ತೆಯಲ್ಲಿ ಕೇಳಿದ್ರೆ ಏನೇನು ತಿಂದೆ ಅಂತ ಹೇಳ್ಬೇಕಿಲ್ಲ ಅನ್ನೋದನ್ನೂ. ಹಾಗೇ ‘ಹೋಗ್ತೀನಿ’ ಅಲ್ಲ, ‘ಹೋಗಿ ಬರ್ತೀನಿ’.

ಬಾಗಿಲಿನ ಜಗಳ ಮಾತ್ರ ಬಂದೇ ಬರತ್ತೆ. ನಮ್ಮಲ್ಲಿ ಕೋಣೆ ಬಾಗಿಲು ಹಾಕ್ಕೊಂಡ್ರೆ ಮುನಿಸು ಅಂತ ಅರ್ಥ. ಅವರಿಗೆ ಅದು ಸಂಜೆಯ ವಿಶ್ರಾಂತಿ ಅಷ್ಟೇ. ಒಳಗಡೆ ಚಿಲಕ ಇರಲಿ, ತಟ್ಟಿ ಒಳಗೆ ಹೋಗಿ. ಬದಲಿಗೆ ರಾತ್ರಿ ಊಟ ಎಲ್ಲರ ಜೊತೆ, ಫೋನ್ ಇಲ್ಲದೆ ಅಂತ ಮಾತಾಡ್ಕೊಳ್ಳಿ. ನೆಂಟರಿಷ್ಟರು ಸೆಲ್ಫಿಗೆ ಬಂದ್ರೆ ಮೊದಲು ಮಗುವನ್ನ ಕೇಳಿ, ಅದು ಬೇಡ ಅಂದ್ರೆ ಬೇಡ ಅಂತ ಹೇಳೋ ಕೆಲಸ ನಿಮ್ಮದು. ತಟ್ಟೆ ತೊಳೆಯೋದು, ಬಟ್ಟೆ ಒಣಗಿಸೋದು ಮೊದಲ ವಾರದಿಂದಲೇ ಕೊಡಿ. ಎರಡು ತಿಂಗಳು ಅತಿಥಿ ಮಾಡಿ ಕೂರಿಸಿ ಆಮೇಲೆ ಕೆಲಸ ಹೇಳಿದ್ರೆ, ಏನೋ ತಪ್ಪು ಮಾಡಿದೆ ಅಂದ್ಕೊಳ್ಳತ್ತೆ ಮಗು.

ಗಾಡಿ ಓಡಿಸೋದು ಪೂರ್ತಿ ನಿಷೇಧ, ಮನೆ ಮುಂದಿನ ಕ್ರಾಸ್‌ನಲ್ಲಿ ‘ಒಂದೇ ರೌಂಡ್’ ಕೂಡ ಬೇಡ. ಹಿಂದೆ ಕೂತರೂ ಹೆಲ್ಮೆಟ್ ಕಡ್ಡಾಯ. ನಾಯಿ ಕಚ್ಚಿದ್ರೆ, ಪರಚಿದ್ರೂ ಸರಿ, ಹರಿಯೋ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಕರ್ಕೊಂಡು ಹೋಗಿ. ಅರಿಶಿನ, ಸುಣ್ಣ ಹಚ್ಚಬೇಡಿ.

ಅಮೆರಿಕದ ಹೇರ್ ಡ್ರೈಯರ್ 120 ವೋಲ್ಟಿನದು, ನಮ್ಮ ಕರೆಂಟು 230. ಅಡಾಪ್ಟರ್ ಹಾಕಿದ್ರೆ ಪ್ಲಗ್ಗಿನ ಆಕಾರ ಹೊಂದತ್ತೆ, ವೋಲ್ಟೇಜ್ ಅಲ್ಲ, ಆನ್ ಮಾಡಿದ ತಕ್ಷಣ ಸುಡತ್ತೆ. ಲ್ಯಾಪ್‌ಟಾಪ್ ಚಾರ್ಜರ್ ಮೇಲೆ 100ರಿಂದ 240 ಅಂತ ಇದ್ರೆ ತೊಂದರೆ ಇಲ್ಲ.

ವಾಪಸ್ ಹೋಗೋ ಹೊತ್ತಿಗೆ ಊರವರೆಲ್ಲ ಏನಾದ್ರೂ ತುಂಬಿ ಕೊಡ್ತಾರೆ. ಉಪ್ಪಿನಕಾಯಿ ಎರಡು ಕವರ್ ಸುತ್ತಿ ಚೆಕ್-ಇನ್ ಸೂಟ್‌ಕೇಸಿಗೆ ಹಾಕಿ, ಹ್ಯಾಂಡ್ ಬ್ಯಾಗಿಗೆ ಬೇಡ. ತಿಪಟೂರು ಕೊಬ್ಬರಿಯನ್ನ ಎರಡಕ್ಕೂ ಹಾಕಬೇಡಿ. ಅದರ ಎಣ್ಣೆಯಿಂದ ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಹುದು ಅಂತ ವಿಮಾನದಲ್ಲಿ ಅದು ಅಪಾಯಕಾರಿ ವಸ್ತುಗಳ ಪಟ್ಟಿಯಲ್ಲಿದೆ. ಹಿಂದಿನ ರಾತ್ರಿಯೇ ಸೂಟ್‌ಕೇಸ್ ಬಿಚ್ಚಿ ನೋಡಿ. ಅಜ್ಜಿ ಬಟ್ಟೆ ಮಡಿಕೆ ಮಧ್ಯೆ ಎರಡು ಗಿಟುಕು ಸೇರಿಸಿಯೇ ಇರ್ತಾರೆ.