ಒಂದನೇ ತಾರೀಕಿನ ಹಣ

ಎಲ್ಲರಿಗೂ ನಮಸ್ಕಾರ. ಇವತ್ತು ನಾನು ಮಾತಾಡುವುದು ಸಾರ್ವತ್ರಿಕ ಮೂಲ ಆದಾಯದ ಬಗ್ಗೆ. ಹೊರಗೆ ಮಳೆ ಜೋರಾಗಿದೆ. ತಗಡಿನ ಮಾಡಿನ ಸದ್ದಿನಲ್ಲಿ ನನ್ನ ಮಾತು ಕೇಳದಿದ್ದರೆ ಹಿಂದೆ ಕೂತವರು ಕೈ ಎತ್ತಿ, ಇನ್ನೂ ಗಟ್ಟಿಯಾಗಿ ಹೇಳುತ್ತೇನೆ.

ನಾನು ಅರ್ಥಶಾಸ್ತ್ರ ಓದಿದವನಲ್ಲ. ಮೂವತ್ತನಾಲ್ಕು ವರ್ಷ ಬ್ಯಾಂಕಿನ ಕೌಂಟರಿನ ಹಿಂದೆ ಕೂತು ಬೇರೆಯವರ ಹಣ ಎಣಿಸಿದವನು. ನನ್ನ ಅಮ್ಮ ಬೀಡಿ ಕಟ್ಟುತ್ತಿದ್ದರು. ಎಲೆ ಒಳ್ಳೆಯದು ಸಿಕ್ಕಿದ ವಾರ ಮಜೂರಿ ಚೆನ್ನಾಗಿ ಬರುತ್ತಿತ್ತು. ಮಳೆಗಾಲದಲ್ಲಿ ಎಲೆ ತೇವ ಹಿಡಿದು ಹಾಳಾಗುತ್ತಿತ್ತು. ಕೆಲವು ವಾರ ಬ್ರಾಂಚಿನಲ್ಲಿ, ಅಂದರೆ ಎಲೆ ಕೊಟ್ಟು ಬೀಡಿ ತೆಗೆದುಕೊಳ್ಳುವ ಕಡೆ, ಎಲೆಯೇ ಇರುತ್ತಿರಲಿಲ್ಲ. ನಾವು ಏನು ಕೇಳಿದರೂ ಅಮ್ಮನದು ಒಂದೇ ಮಾತು, "ಬರುವ ವಾರ ನೋಡುವ." ಪುಸ್ತಕ? ನೋಡುವ. ಚಪ್ಪಲಿ? ನೋಡುವ. ಆ "ನೋಡುವ" ಎಂಬ ಮಾತಿನ ಅರ್ಥ ನನಗೆ ತಿಳಿದದ್ದು ಕೆಲಸಕ್ಕೆ ಸೇರಿದ ಮೇಲೆ. ಮೊದಲ ಸಂಬಳ ಅಂಥಾ ದೊಡ್ಡದೇನೂ ಆಗಿರಲಿಲ್ಲ. ಆದರೆ ಅದಕ್ಕೊಂದು ತಾರೀಕು ಇತ್ತು. ಅಷ್ಟಕ್ಕೇ ಅಂಗಡಿಯವರು ಕರೆದು ಸಾಲ ಕೊಟ್ಟರು, ಅಮ್ಮ ಮೊದಲ ಸಲ ಮನೆಯ ಮಾಡಿಗೆ ಹೊಸ ಹಂಚು ಹಾಕಿಸುವ ಲೆಕ್ಕ ಹಾಕಿದರು.

ಹಾಗಾಗಿ ಸಾರ್ವತ್ರಿಕ ಮೂಲ ಆದಾಯ ಅಂದರೆ ಏನು ಎಂದು ಯಾರಾದರೂ ಕೇಳಿದರೆ ನಾನು ಹೇಳುವುದು ಇಷ್ಟೇ: ಎಲ್ಲರಿಗೂ ಒಂದು ಒಂದನೇ ತಾರೀಕು. ಬಡವ, ಶ್ರೀಮಂತ, ಗಂಡು, ಹೆಣ್ಣು, ಕೆಲಸ ಇದ್ದವರು, ಇಲ್ಲದವರು, ಪ್ರತಿಯೊಬ್ಬರ ಖಾತೆಗೂ ಸರ್ಕಾರದಿಂದ ತಿಂಗಳು ತಿಂಗಳು ಒಂದು ಮೊತ್ತ. ಷರತ್ತು ಇಲ್ಲ, ಅರ್ಜಿ ಇಲ್ಲ. ಯಾರ ಕೈಕಾಲು ಹಿಡಿಯುವುದೂ ಬೇಡ.

ಇದು ಹೊಸ ಯೋಚನೆಯಲ್ಲ. ಭೂಮಿ ಎಲ್ಲರದು, ಅದನ್ನು ಕೆಲವರು ಬೇಲಿ ಹಾಕಿಕೊಂಡದ್ದಕ್ಕೆ ಉಳಿದವರಿಗೆ ಪರಿಹಾರ ಸಲ್ಲಬೇಕು ಎಂದು ಇಂಗ್ಲೆಂಡಿನಲ್ಲಿ ಹುಟ್ಟಿದ ಚಿಂತಕ ಥಾಮಸ್ ಪೇನ್ 1797ರಲ್ಲೇ ಬರೆದಿದ್ದ. 21 ತುಂಬಿದವರಿಗೆ ಒಂದು ಸಲ 15 ಪೌಂಡ್, 50 ದಾಟಿದವರಿಗೆ ವರ್ಷಕ್ಕೆ 10 ಪೌಂಡ್ ಎಂದು ಲೆಕ್ಕವನ್ನೂ ಕೊಟ್ಟಿದ್ದ. ಅಮೆರಿಕದ ಅಲಾಸ್ಕದಲ್ಲಿ 1982ರಿಂದ ತೈಲದ ಆದಾಯದಿಂದ ಬೆಳೆದ ನಿಧಿಯ ಲಾಭಾಂಶವನ್ನು ಅಲ್ಲಿನ ನಿವಾಸಿಗಳಿಗೆ ವರ್ಷಕ್ಕೊಮ್ಮೆ ಹಂಚುತ್ತಾರೆ, ಮಕ್ಕಳಿಗೂ ಸೇರಿ. ಅದಕ್ಕೆ ನಮ್ಮಲ್ಲಿ ಒಳ್ಳೆಯ ಶಬ್ದ ಇದೆ, ಪಾಲು. ರಂಪಣಿ ಬಲೆ ಇದ್ದ ಕಾಲದಲ್ಲಿ ಹಗ್ಗ ಎಳೆದವರಿಗೆಲ್ಲ ಮೀನಿನ ಪಾಲು ಇರುತ್ತಿತ್ತಲ್ಲ, ಅದನ್ನು ಯಾರೂ ಬಿಟ್ಟಿ ಅನ್ನಲಿಲ್ಲ.

ಈಗ "ಬಿಟ್ಟಿ"ಯ ವಿಷಯಕ್ಕೇ ಬರೋಣ. ಹಣ ಕೊಟ್ಟರೆ ಜನ ಸೋಮಾರಿಗಳಾಗುತ್ತಾರೆ, ಕುಡಿಯುತ್ತಾರೆ ಎನ್ನುವ ಮಾತು. ಮಧ್ಯಪ್ರದೇಶದಲ್ಲಿ 2011ರಿಂದ ಸೇವಾ (SEWA) ಎಂಬ ದುಡಿಯುವ ಹೆಂಗಸರ ಸಂಘಟನೆ ಮತ್ತು ಯುನಿಸೆಫ್ ಸೇರಿ ಇದನ್ನು ಮಾಡಿಯೇ ನೋಡಿದರು. ಎಂಟು ಹಳ್ಳಿಗಳ ಎಲ್ಲರಿಗೂ ತಿಂಗಳಿಗೆ, ದೊಡ್ಡವರಿಗೆ 200 ರೂಪಾಯಿ, ಮಕ್ಕಳಿಗೆ 100. ಒಂದು ವರ್ಷದ ನಂತರ 300 ಮತ್ತು 150. ಕುಡಿತ ಹೆಚ್ಚಲಿಲ್ಲ. ಊಟದಲ್ಲಿ ತರಕಾರಿ, ಮೊಟ್ಟೆ, ಮೀನು ಜಾಸ್ತಿಯಾಯಿತು. ಪುಟ್ಟ ಹೆಣ್ಣುಮಕ್ಕಳ ತೂಕ ಸುಧಾರಿಸಿತು. ಕೂಲಿಗೆ ಹೋಗುತ್ತಿದ್ದವರು ಸ್ವಂತ ಗದ್ದೆಯಲ್ಲಿ ಜಾಸ್ತಿ ಹೊತ್ತು ದುಡಿದರು. ಆಡು, ಹೊಲಿಗೆ ಮೆಷಿನ್ ಕೊಂಡವರಿದ್ದರು. ಫಿನ್ಲೆಂಡಿನಲ್ಲಿ 2017-18ರಲ್ಲಿ 2,000 ನಿರುದ್ಯೋಗಿಗಳಿಗೆ ತಿಂಗಳಿಗೆ 560 ಯೂರೋ ಕೊಟ್ಟರು. ಅವರು ಕೆಲಸ ಬಿಟ್ಟು ಮಲಗಲಿಲ್ಲ. ಕೆಲಸ ಮಾಡಿದ ದಿನಗಳು ಸ್ವಲ್ಪ ಹೆಚ್ಚೇ ಆದವು, ಮನಸ್ಸಿಗೆ ನೆಮ್ಮದಿಯೂ ಇತ್ತು.

ಆದರೆ ಅಷ್ಟು ದೂರ ಯಾಕೆ ಹೋಗಬೇಕು? 1974ರ ಭೂ ಸುಧಾರಣೆ ತಿದ್ದುಪಡಿ ಕಾಯ್ದೆ ನಮ್ಮ ಈ ಕರಾವಳಿಯಲ್ಲಿ ನಡೆದಷ್ಟು ಚೆನ್ನಾಗಿ ಬೇರೆ ಕಡೆ ನಡೆದದ್ದು ಕಡಿಮೆ. ಗೇಣಿ ಒಕ್ಕಲುಗಳು ನಮೂನೆ 7ರಲ್ಲಿ ಡಿಕ್ಲರೇಶನ್ ಕೊಟ್ಟರು, ಭೂಮಿ ಅವರ ಹೆಸರಿಗಾಯಿತು. ಆಗಲೂ ನಮ್ಮ ಊರಿನ ಕೆಲವು ಹಿರಿಯರು, "ನೋಡಿ, ಎಲ್ಲ ಮಾರಿ ಕುಡಿದು ಹಾಕುತ್ತಾರೆ" ಅಂದದ್ದು ನನಗೆ ನೆನಪಿದೆ. ಆದದ್ದೇನು? ಆ ಮನೆಗಳ ಮಕ್ಕಳು ಕಾಲೇಜು ಹತ್ತಿದರು, ಬೊಂಬಾಯಿಗೆ ಹೋದರು, ಹೋಟೆಲು ಹಾಕಿದರು. ಕಾಲ ಕೆಳಗೆ ನೆಲ ಇದ್ದವನಿಗೆ ಹಾರುವ ಧೈರ್ಯ ಬರುತ್ತದೆ.

ಇನ್ನೊಂದು ಬದಿಯನ್ನೂ ಹೇಳಬೇಕು. ತುಂಡು ಭೂಮಿ ಗೇಣಿಗೆ ಕೊಟ್ಟು, ಬರುವ ನಾಲ್ಕು ಮುಡಿ ಅಕ್ಕಿಯನ್ನೇ ನಂಬಿದ್ದ ಒಂಟಿ ಹೆಂಗಸರು ಆಗ ಬೀದಿಗೆ ಬಂದದ್ದೂ ಉಂಟು. ಗೇಣಿಯೇ ಇಲ್ಲದೆ ಬರೀ ಕೂಲಿಗೆ ದುಡಿಯುತ್ತಿದ್ದವರಿಗೆ, ಕೊರಗ ಸಮುದಾಯದಂಥವರಿಗೆ, ಆ ನಮೂನೆಯಲ್ಲಿ ತುಂಬಲು ಏನೂ ಇರಲಿಲ್ಲ. ಯಾವ ಪಟ್ಟಿ ಮಾಡಿದರೂ ಹೀಗೆಯೇ. ಒಬ್ಬರು ಒಳಗೆ, ಒಬ್ಬರು ಹೊರಗೆ.

ಗೃಹಲಕ್ಷ್ಮಿ ನೋಡಿ. 2023ರ ಆಗಸ್ಟ್‌ನಲ್ಲಿ ಶುರುವಾಯಿತು, ತಿಂಗಳಿಗೆ 2,000 ರೂಪಾಯಿ. ಅದನ್ನು ಹಗುರವಾಗಿ ಮಾತಾಡುವವರ ಸಾಲಿನಲ್ಲಿ ನಾನಿಲ್ಲ. ಕೈಯಲ್ಲಿ ಸ್ವಂತ ಎರಡು ಸಾವಿರ ಇರುವ ಹೆಂಗಸು ಮನೆಯಲ್ಲಿ ಮಾತಾಡುವ ರೀತಿಯೇ ಬೇರೆ. ಆದರೆ ಹಣ ಬರುವುದು ರೇಷನ್ ಕಾರ್ಡಿನಲ್ಲಿ ಯಜಮಾನಿ ಎಂದಿರುವವರಿಗೆ. ಅತ್ತೆಯಾ, ಸೊಸೆಯಾ ಎಂಬ ಜಗಳ ಎಷ್ಟು ಮನೆಗಳಲ್ಲಿ ಆಗಲಿಲ್ಲ! ಗಂಡ ಸಣ್ಣ ಅಂಗಡಿಗೆ ಜಿಎಸ್‌ಟಿ ಮಾಡಿಸಿದ್ದರೆ ಹೆಂಡತಿಗೆ ಇಲ್ಲ. ತಲೆಗೊಂದು ಎಂದು ಕೊಟ್ಟುಬಿಟ್ಟರೆ ಅತ್ತೆಗೂ ಇದೆ, ಸೊಸೆಗೂ ಇದೆ, ಮುಗಿಯಿತಲ್ವಾ?

ಮಲ್ಪೆ ಬಂದರಿಗೆ ಈಗ ಹೋಗಿ ನೋಡಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ನಿಷೇಧ. 61 ದಿನ ಎಲ್ಲವೂ ದಡದಲ್ಲಿ. ಮೀನಿನ ಸಂತತಿ ಉಳಿಯಬೇಕು, ನಿಷೇಧ ಸರಿಯೇ. ಮೀನುಗಾರರಿಗೆ ಉಳಿತಾಯ ಮತ್ತು ಪರಿಹಾರ ಎಂಬ ಯೋಜನೆಯೂ ಇದೆ. ಆದರೆ ಐಸ್ ಒಡೆಯುವವನು, ಬುಟ್ಟಿ ಹೊರುವವನು, ಒಡಿಶಾದಿಂದ ಬಂದು ಬೋಟಿನಲ್ಲಿ ದುಡಿಯುವ ಹುಡುಗ, ಇವರ ಹೆಸರು ಯಾವ ಪಟ್ಟಿಯಲ್ಲಿ? ಆ ಎರಡು ತಿಂಗಳು ಸಂಘದ ಸಾಲದ ವಾರದ ಕಂತು ಮಾತ್ರ ನಿಲ್ಲುವುದಿಲ್ಲ. ಒಂದು ಕಂತು ಕಟ್ಟಲು ಇನ್ನೊಂದು ಸಾಲ. ಕೌಂಟರಿನಲ್ಲಿ ಕೂತು ನಾನು ಎಷ್ಟೋ ಬಳೆಗಳು ಅಡವಿಗೆ ಬರುವುದನ್ನು ಕಂಡಿದ್ದೇನೆ. ಹೆಚ್ಚಿನವು ದೊಡ್ಡ ಖರ್ಚಿಗೆ ಬಂದವಲ್ಲ, ಮೂರು ವಾರ ದಾಟಿಸಲು ಬಂದವು.

ಹಣ ಎಲ್ಲಿಂದ? ಲೆಕ್ಕ ಹಾಕುವ. ದೇಶದ 140 ಕೋಟಿ ಜನರಿಗೆ ತಿಂಗಳಿಗೆ ಸಾವಿರ ಎಂದರೆ ವರ್ಷಕ್ಕೆ 16.8 ಲಕ್ಷ ಕೋಟಿ. 2024-25ರ ಕೇಂದ್ರ ಬಜೆಟ್ಟೇ ಸುಮಾರು 48 ಲಕ್ಷ ಕೋಟಿ. ದೊಡ್ಡ ಮೊತ್ತ, ಸುಳ್ಳು ಹೇಳುವುದಿಲ್ಲ. ಕರ್ನಾಟಕದ್ದು ನೋಡುವ. ಜನಸಂಖ್ಯೆ ಏಳು ಕೋಟಿ ಎಂದಿಟ್ಟುಕೊಂಡರೆ ವರ್ಷಕ್ಕೆ 84 ಸಾವಿರ ಕೋಟಿ. ಅದೇ ವರ್ಷದ ರಾಜ್ಯ ಬಜೆಟ್ 3.71 ಲಕ್ಷ ಕೋಟಿ, ಅದರಲ್ಲಿ ಐದು ಗ್ಯಾರಂಟಿಗಳಿಗೇ ಸುಮಾರು 52 ಸಾವಿರ ಕೋಟಿ. ಅಂದರೆ ಅರ್ಧಕ್ಕಿಂತ ಜಾಸ್ತಿ ದಾರಿ ನಡೆದಾಗಿದೆ. ಶ್ರೀಮಂತರಿಗೂ ಯಾಕೆ ಎಂದು ಕೇಳುತ್ತೀರಿ. ಕೊಡಿ, ತೆರಿಗೆಯಲ್ಲಿ ವಾಪಸು ತೆಗೆದುಕೊಳ್ಳಿ. ಅರ್ಹರನ್ನು ಹುಡುಕಲು ಹತ್ತು ಕಚೇರಿ ಅಲೆಸುವುದಕ್ಕಿಂತ ಅದು ಸುಲಭ.

2016-17ರಲ್ಲಿ ಅರವಿಂದ್ ಸುಬ್ರಮಣಿಯನ್ ಮುಖ್ಯ ಆರ್ಥಿಕ ಸಲಹೆಗಾರರಾಗಿದ್ದಾಗ ಕೇಂದ್ರದ ಆರ್ಥಿಕ ಸಮೀಕ್ಷೆಯಲ್ಲಿ ಇದಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟರು. ಒಬ್ಬರಿಗೆ ವರ್ಷಕ್ಕೆ 7,620 ರೂಪಾಯಿ ಎಂಬ ಲೆಕ್ಕ ಅಲ್ಲಿದೆ. ಈಗಿರುವ ಯೋಜನೆಗಳ ಬದಲಿಗೆ ಇದನ್ನು ತರಬಹುದು ಎಂಬ ಯೋಚನೆಯೂ ಅದರಲ್ಲಿತ್ತು. ಅಲ್ಲಿ ನನ್ನ ತಕರಾರು ಇದೆ. ಮಂಗಳೂರಿನ ಸರ್ಕಾರಿ ವೆನ್ಲಾಕ್ ಆಸ್ಪತ್ರೆ ಮುಚ್ಚಿ ಆ ಹಣವನ್ನು ಹಂಚುತ್ತೇವೆ ಎಂದರೆ ನನಗೆ ಬೇಡವೇ ಬೇಡ. ಸಾವಿರ ರೂಪಾಯಿಯಲ್ಲಿ ಅಪೆಂಡಿಕ್ಸ್ ಆಪರೇಶನ್ ಆಗುವುದಿಲ್ಲ. ರೇಷನ್ ಅಕ್ಕಿಯೂ ಇರಲಿ, ಅಕ್ಕಿಯ ದರ ಏರಿದಂತೆ ಹಣ ತಾನಾಗಿ ಏರುವುದಿಲ್ಲ.

ಕೊನೆಗೆ ಒಂದು ಕಷ್ಟದ ವಿಷಯ. ನನಗೂ ಒಂದೂವರೆ ಎಕರೆ ಅಡಿಕೆ ತೋಟ ಇದೆ. ಮದ್ದು ಬಿಡಲು ಜನ ಸಿಗದೆ ಕಳೆದ ವರ್ಷ ಅರ್ಧ ತೋಟಕ್ಕೆ ಕೊಳೆರೋಗ ಬಂತು. ಎಲ್ಲರಿಗೂ ತಿಂಗಳ ಹಣ ಬಂದರೆ ಇನ್ನು ಮರ ಹತ್ತುವವರು ಯಾರು ಎಂದು ಮನೆಯಲ್ಲಿ ನನ್ನನ್ನೇ ಕೇಳುತ್ತಾರೆ. ಸಾವಿರಕ್ಕೆ ಯಾರೂ ಕೆಲಸ ಬಿಡುವುದಿಲ್ಲ. ಆದರೆ ಇಂದು ಅಕ್ಕಿ ಇಲ್ಲ ಎಂಬ ಕಾರಣಕ್ಕೇ ಒದ್ದೆ ಮರ ಹತ್ತುವವನು ನಾಳೆ "ಮಳೆ ನಿಲ್ಲಲಿ, ಮತ್ತೆ ಬರುತ್ತೇನೆ" ಅನ್ನಬಹುದು. ಮಜೂರಿ ಜಾಸ್ತಿ ಕೇಳಬಹುದು. ಕೊಡಬೇಕಾಗುತ್ತದೆ. ನನ್ನ ಕಿಸೆಗೆ ನೋವಾಗುತ್ತದೆ, ನಿಜ. ಅದೇ ಹಣ ನನ್ನ ಅಮ್ಮನ ಕೈಯಲ್ಲಿ ಇದ್ದಿದ್ದರೆ ಅವರೂ ಬ್ರಾಂಚಿನಲ್ಲಿ ಒಮ್ಮೆಯಾದರೂ "ಈ ಎಲೆ ಬೇಡ, ಬೇರೆ ಕೊಡಿ" ಅನ್ನುತ್ತಿದ್ದರು.

ಇನ್ನು ಪ್ರಶ್ನೆಗಳು. ತೋಟದವರೇ ಮೊದಲು ಕೇಳಿ, ನಿಮಗೇ ಸಿಟ್ಟು ಜಾಸ್ತಿ ಇರುವುದು.