ಎರಡು ಲಿಂಕ್, ಎರಡು ಗ್ರೂಪ್: ಇದು ರ್ಯಾಂಡಮ್ ಹೇಗಾಯ್ತು?

ನಮಸ್ಕಾರ, ರಾಯಚೂರಿನಿಂದ. ಪ್ರಾಜೆಕ್ಟ್ ಸೀಸನ್ ಶುರುವಾದರೆ ಸಾಕು, ನಮ್ಮ ಕಡೆ ವಾಟ್ಸಾಪ್ ಗ್ರೂಪ್‌ಗಳಲ್ಲಿ ಒಂದು ಮೆಸೇಜ್ ಗ್ಯಾರಂಟಿ. "ಸರ್, ಮೇಡಂ, ದಯವಿಟ್ಟು ಈ ಫಾರ್ಮ್ ತುಂಬಿ, ಐದೇ ನಿಮಿಷ." ಒಳಗೆ ಓದೋಕೆ ಒಂದು ಬರಹ, ಕೆಳಗೆ ಪ್ರಶ್ನೆಗಳು. ಸೈಕಾಲಜಿ, ಎಂಬಿಎ, ಬಿಎಡ್, ಪತ್ರಿಕೋದ್ಯಮ, ಎಲ್ಲರದೂ ಈಗ ಇದೇ. ಮಾಡಲಿ, ಒಳ್ಳೆಯದೇ. ನನ್ನ ತಕರಾರು ಬೇರೆ. ಬರಹ ಎರಡು ಥರ ಇದ್ದಾಗ ಯಾರಿಗೆ ಯಾವುದು ಹೋಗಬೇಕು ಅನ್ನೋದನ್ನು ಇವರು ಚೀಟಿ ಎತ್ತಿ ತೀರ್ಮಾನಿಸುವುದಿಲ್ಲ. ಅನುಕೂಲ ನೋಡಿ ಹಂಚುತ್ತಾರೆ. ಆಮೇಲೆ ವರದಿಯಲ್ಲಿ ಮಾತ್ರ "ರ್ಯಾಂಡಮ್ ಆಗಿ ಹಂಚಲಾಯಿತು" ಅಂತ ಬರೆಯುತ್ತಾರೆ.

ಬೆಳೆ ವಿಮೆಯನ್ನೇ ತಗೊಳ್ಳಿ. ಫಸಲ್ ಬಿಮಾ ಯೋಜನೆ 2016ರಲ್ಲಿ ಬಂತು. ಮುಂಗಾರಿನ ಆಹಾರ ಬೆಳೆಗೆ ರೈತ ಕಟ್ಟುವ ಪಾಲು ಹೆಚ್ಚೆಂದರೆ ಶೇ. 2, ಹಿಂಗಾರಿಗೆ ಶೇ. 1.5, ಹತ್ತಿಯಂಥ ವಾಣಿಜ್ಯ ಬೆಳೆಗೆ ಶೇ. 5. ಇದನ್ನು ಕಚೇರಿ ಕನ್ನಡದಲ್ಲಿ ಬರೆದರೆ, "ವಿಮಾ ಮೊತ್ತದ ಶೇ. 2ರಷ್ಟು ಕಂತನ್ನು ರೈತರು ಪಾವತಿಸತಕ್ಕದ್ದು." ಮಾತಿನ ಕನ್ನಡದಲ್ಲಾದರೆ, "ನೂರು ರೂಪಾಯಿ ವಿಮೆಗೆ ನೀವು ಕಟ್ಟುವುದು ಎರಡು ರೂಪಾಯಿ." ಆಮೇಲೆ ಒಂದು ಪ್ರಶ್ನೆ: ಮುಂಗಾರಿನ ತೊಗರಿಗೆ 40,000 ರೂಪಾಯಿ ವಿಮೆ ಇದ್ದರೆ ಕಂತು ಎಷ್ಟು? ಯಾವ ಬರಹ ಓದಿದವರು 800 ಅಂತ ಜಾಸ್ತಿ ಸರಿಯಾಗಿ ಹೇಳಿದರು? ಒಳ್ಳೆಯ ಪ್ರಯೋಗ. ನಮ್ಮ ಜಿಲ್ಲೆಗೆ ಬೇಕಾದದ್ದೂ ಹೌದು.

ಆದರೆ ನಡೆಯುವುದು ಏನು? ಕಚೇರಿ ಕನ್ನಡದ ಲಿಂಕ್ ಹೋಗುತ್ತದೆ ಮಾನ್ವಿಯ ರೈತರ ಗ್ರೂಪಿಗೆ. ಮಾತಿನ ಕನ್ನಡದ್ದು ರಾಯಚೂರು ಸಿಟಿಯ ಕಾಲೇಜು ಗ್ರೂಪಿಗೆ. ಕಾಲೇಜಿನವರು ಜಾಸ್ತಿ ಸರಿ ಹೇಳಿದರು ಅನ್ನಿ. ಅದು ಭಾಷೆಯ ಗುಣವೋ, ಶೇಕಡಾ ಲೆಕ್ಕ ಮೊನ್ನೆ ಮೊನ್ನೆ ಮಾಡಿದವರ ಗುಣವೋ? ಒಬ್ಬರ ಮನೆಮಾತು ತೆಲುಗು, ಇನ್ನೊಬ್ಬರದು ಉರ್ದು. ಒಬ್ಬರು ಬಸ್ಸಲ್ಲಿ ನಿಂತು ಓದಿದ್ದಾರೆ, ಇನ್ನೊಬ್ಬರು ಲೈಬ್ರರಿಯಲ್ಲಿ ಕೂತು. ಇದನ್ನು ಆಮೇಲೆ ಯಾವ ಸಾಫ್ಟ್‌ವೇರೂ ಬಿಡಿಸಿಕೊಡುವುದಿಲ್ಲ.

ಈ ಚೀಟಿ ಎತ್ತುವ ವಿದ್ಯೆ ಬೇರೂರಿದ್ದೇ ಹೊಲದಲ್ಲಿ. ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ರೊನಾಲ್ಡ್ ಫಿಶರ್ ಅನ್ನುವ ಸಂಖ್ಯಾಶಾಸ್ತ್ರಜ್ಞ 1920ರ ದಶಕದಲ್ಲಿ ಯಾವ ಮಡಿಗೆ ಯಾವ ಗೊಬ್ಬರ ಅನ್ನೋದನ್ನು ಚೀಟಿ ಎತ್ತಿದ ಹಾಗೆ ಹಂಚಬೇಕು ಅಂತ ಹಟ ಹಿಡಿದ. ನಮ್ಮಲ್ಲಿ ಇದನ್ನು ಬಿಡಿಸಿ ಹೇಳಬೇಕಾ? ಒಂದು ಭತ್ತದ ತಳಿಯನ್ನು ತುಂಗಭದ್ರಾ ಎಡದಂಡೆ ಕಾಲುವೆಯ ಮೇಲ್ಭಾಗದಲ್ಲಿ ಹಾಕಿ, ಇನ್ನೊಂದನ್ನು ನೀರೇ ಮುಟ್ಟದ ಟೇಲ್ ಎಂಡ್‌ನಲ್ಲಿ ಹಾಕಿ, ಮೊದಲನೆಯ ತಳಿಯೇ ಮೇಲು ಅಂದರೆ ಸಿರವಾರದ ರೈತ ನಕ್ಕುಬಿಡುತ್ತಾನೆ. ಓದುವ ಜನರ ವಿಷಯದಲ್ಲಿ ಮಾತ್ರ ನಾವು ಅದನ್ನೇ ಮಾಡಿ ಡಿಗ್ರಿ ತಗೊಳ್ಳುತ್ತೇವೆ.

ಇನ್ನು ಕೆಲವರದು ಜಾಣತನ. "ನಿಮ್ಮ ಹುಟ್ಟಿದ ತಾರೀಖು ಬೆಸವಾದರೆ ಎ ಒತ್ತಿ, ಸಮವಾದರೆ ಬಿ ಒತ್ತಿ." ಬೇರೆ ಊರಲ್ಲಿ ಇದು ಹೇಗೋ ನಡೆದೀತು. ನಮ್ಮಲ್ಲಿ? ನಿಮ್ಮ ಕಾಕಾನ ಆಧಾರ್ ತೆಗೆದು ನೋಡಿ. ಜೂನ್ 1! ಶಾಲೆಗೆ ಸೇರಿಸುವಾಗ ಮಾಸ್ತರು ಬರೆದುಕೊಂಡ ತಾರೀಖು. ಸ್ವಲ್ಪ ವಯಸ್ಸಾದವರಲ್ಲಿ, ಹಳ್ಳಿಯಲ್ಲಿ ಶಾಲೆ ಸೇರಿದವರಲ್ಲಿ ಜೂನ್ 1ರವರು ಸಿಕ್ಕಾಪಟ್ಟೆ ಇದ್ದಾರೆ. ಒಂದು ಅಂದರೆ ಬೆಸ. ಅವರೆಲ್ಲ ಎ ಕಡೆಗೆ ಹೋಗುತ್ತಾರೆ. ಹುಟ್ಟಿದ ತಿಂಗಳು ಕೇಳಿದರೂ ಜೂನಲ್ಲೇ ಗುಂಪು ಕಟ್ಟುತ್ತಾರೆ. ಆಸ್ಪತ್ರೆಯಲ್ಲಿ ಹುಟ್ಟಿ ಸರಿಯಾದ ಸರ್ಟಿಫಿಕೇಟ್ ಇರುವ ಹುಡುಗರು ಮಾತ್ರ ಎರಡೂ ಕಡೆ ಹಂಚಿಹೋಗುತ್ತಾರೆ. ಅಂದರೆ ವಯಸ್ಸು ಸದ್ದಿಲ್ಲದೆ ಒಳಗೆ ಬಂದು ಕೂತಿತು. "ಮೊದಲು ತುಂಬಿದ 30 ಜನಕ್ಕೆ ಎ, ಆಮೇಲಿನವರಿಗೆ ಬಿ" ಅನ್ನೋದೂ ಇಂಥದ್ದೇ. ಮೆಸೇಜ್ ಬಂದ ತಕ್ಷಣ ಫಾರ್ಮ್ ತೆರೆಯುವವನ ಸ್ವಭಾವವೇ ಬೇರೆ, ಅಲ್ವಾ?

ಹಾಗಾದರೆ ಗೂಗಲ್ ಫಾರ್ಮ್‌ನಲ್ಲಿರುವ ಶಫಲ್? ಅದು ಪ್ರಶ್ನೆಗಳ, ಉತ್ತರದ ಆಯ್ಕೆಗಳ ಕ್ರಮ ಕಲಸುತ್ತದೆ, ಅಷ್ಟೇ. ಯಾರಿಗೆ ಯಾವ ಬರಹ ಅನ್ನೋದು ಅದರ ಕೆಲಸ ಅಲ್ಲ. ಕ್ವಾಲ್ಟ್ರಿಕ್ಸ್ ಅನ್ನುವ ಸಮೀಕ್ಷೆ ಸಾಫ್ಟ್‌ವೇರಿನಲ್ಲಿ ಅದಕ್ಕೆಂದೇ ವ್ಯವಸ್ಥೆ ಇದೆ, ಆದರೆ ದುಡ್ಡು ಯಾರು ಕೊಡುತ್ತಾರೆ? ಆನ್‌ಲೈನ್ ಪ್ರಯೋಗ ಕಟ್ಟುವ ಜೆಎಸ್‌ಸೈಕ್ (jsPsych) ಉಚಿತ, ಸ್ವಲ್ಪ ಕೋಡಿಂಗ್ ಬರಬೇಕು. ಅದೂ ಬೇಡ ಅಂದರೆ ಎರಡು ಫಾರ್ಮ್ ಮಾಡಿ, ಮುಂದೆ ಒಂದು ಚಿಕ್ಕ ವೆಬ್‌ಪೇಜ್ ಇಡಿ. ಎಲ್ಲರಿಗೂ ಒಂದೇ ಲಿಂಕ್. ಒತ್ತಿದ ಕೂಡಲೇ ಆ ಪೇಜೇ ನಾಣ್ಯ ಚಿಮ್ಮಿ ಎ ಅಥವಾ ಬಿ ಕಡೆ ಕಳಿಸುತ್ತದೆ. ಅದೇ ವ್ಯಕ್ತಿ ಮತ್ತೆ ಒತ್ತಿದರೂ ಮೊದಲಿನ ಕಡೆಗೇ ಹೋಗುವ ಹಾಗೆ ಫೋನಿನಲ್ಲಿ ಗುರುತು ಉಳಿಸಿ. ನಿಮ್ಮ ಕಾಲೇಜಿನ ಬಿಸಿಎ ಹುಡುಗಿಯನ್ನು ಕೇಳಿ, ಒಂದು ಸಂಜೆಯ ಕೆಲಸ.

ಬರೀ ನಾಣ್ಯ ಚಿಮ್ಮಿದರೆ 40 ಜನರಲ್ಲಿ ಸರಿಯಾಗಿ 20-20 ಬರುವುದು ನೂರಕ್ಕೆ 12-13 ಸಲ ಮಾತ್ರ. ಸಮ ಬೇಕೇ ಬೇಕು ಅಂದರೆ ನಾಲ್ಕು ನಾಲ್ಕರ ಕಟ್ಟು ಮಾಡಿ, ಪ್ರತಿ ಕಟ್ಟಿನಲ್ಲಿ ಎರಡು ಎ, ಎರಡು ಬಿ ಇಟ್ಟು ಕಲಸಬೇಕು.

ಇಷ್ಟೆಲ್ಲ ಸರಿ ಮಾಡಿದವರೂ ಎಡವುವ ಜಾಗ ಒಂದಿದೆ. ನನಗೆ ಅದೇ ಜಾಸ್ತಿ ಮುಖ್ಯ. ಬೆಳೆ ವಿಮೆಯ ಒಂದೇ ಬರಹ ಇಟ್ಟುಕೊಂಡು "ಸರಳ ಕನ್ನಡ ಜನರಿಗೆ ಚೆನ್ನಾಗಿ ಅರ್ಥವಾಗುತ್ತದೆ" ಅಂತ ಹೇಳೋಕೆ ಬರುವುದಿಲ್ಲ. ಆ ಒಂದು ಬರಹ ಅರ್ಥವಾಯಿತು ಅನ್ನಬಹುದು. ಹರ್ಬರ್ಟ್ ಕ್ಲಾರ್ಕ್ ಅನ್ನುವ ಮನೋವಿಜ್ಞಾನಿ 1973ರಲ್ಲೇ ಇದನ್ನು ಎತ್ತಿ ತೋರಿಸಿದ. ಓದುವವರನ್ನು ನೂರಾರು ಜನರಿಂದ ಆರಿಸಿದ ಹಾಗೆ, ಓದುವ ಸಾಮಗ್ರಿಯನ್ನೂ ಹಲವುಗಳಿಂದ ಆರಿಸಬೇಕು ಅನ್ನೋದು ಅವನ ವಾದ. ಹಾಗಾಗಿ ಆರು ವಿಷಯ ತಗೊಳ್ಳಿ: ವಿಮೆ, ಪಡಿತರ, ಪಹಣಿ, ಲಸಿಕೆ, ಕರೆಂಟ್ ಬಿಲ್, ಬಸ್ ಪಾಸ್. ಪ್ರತಿಯೊಂದನ್ನೂ ಎರಡು ಥರ ಬರೆಯಿರಿ. ಒಬ್ಬರಿಗೆ ಮೊದಲ ಮೂರು ಕಚೇರಿ ಕನ್ನಡದಲ್ಲಿ, ಉಳಿದ ಮೂರು ಮಾತಿನ ಕನ್ನಡದಲ್ಲಿ. ಇನ್ನೊಬ್ಬರಿಗೆ ಉಲ್ಟಾ. ಯಾರೂ ಒಂದೇ ವಿಷಯವನ್ನು ಎರಡು ಸಲ ಓದುವುದಿಲ್ಲ. ಬರಹಗಳ ಕ್ರಮವೂ ಒಬ್ಬೊಬ್ಬರಿಗೆ ಒಂದೊಂದು ಥರ. ಇಲ್ಲದಿದ್ದರೆ ಕೊನೆಯ ಬರಹ ಯಾವಾಗಲೂ ಸುಸ್ತಾದ ಕಣ್ಣಿಗೇ ಸಿಗುತ್ತದೆ. ಇನ್ನೊಂದು ಲಾಭ ಏನಂದರೆ, ಲಿಂಗಸುಗೂರಿನವರೂ ಸಿಟಿಯವರೂ ಎರಡೂ ಥರ ಓದಿರುತ್ತಾರೆ.

"ಇದು ಚಿಕ್ಕ ಪ್ರಾಜೆಕ್ಟ್, ಇಷ್ಟೆಲ್ಲ ಯಾಕೆ" ಅನ್ನುವ ಗೈಡ್‌ಗಳಿಗೆ ಒಂದು ಮಾತು. ಸರ್, ಹಾಗಾದರೆ ಆ "ರ್ಯಾಂಡಮ್" ಅನ್ನೋ ಪದವನ್ನು ವರದಿಯಿಂದ ತೆಗೆಸಿಬಿಡಿ. ಸಿಕ್ಕವರಿಗೆ ಹಂಚಿದೆವು ಅಂತ ಬರೆಸಿ. ಅದಕ್ಕೆ ನನ್ನ ತಕರಾರಿಲ್ಲ.

ಕೊನೆಗೆ, ಬಿಟ್ಟುಹೋದವರ ಲೆಕ್ಕ. ಕಚೇರಿ ಕನ್ನಡ ಸಿಕ್ಕವರಲ್ಲಿ ಅರ್ಧ ಜನ ಎರಡನೇ ಸಾಲಿಗೇ ಫಾರ್ಮ್ ಮುಚ್ಚಿದರೆ, ಉಳಿಯುವವರು ಗಟ್ಟಿ ಓದುಗರು ಮಾತ್ರ. ಆಗ ಕಷ್ಟದ ಬರಹವೇ ಗೆದ್ದ ಹಾಗೆ ಕಾಣಿಸುತ್ತದೆ. ಆನ್‌ಲೈನ್ ಪ್ರಯೋಗಗಳಲ್ಲಿ ಹೀಗೆ ಸುಳ್ಳು ಫಲಿತಾಂಶ ಬರುತ್ತದೆ ಅಂತ ಝೋ ಮತ್ತು ಫಿಶ್‌ಬಾಕ್ ಅನ್ನುವ ಸಂಶೋಧಕರು 2016ರಲ್ಲಿ ಮಾಡಿಯೇ ತೋರಿಸಿದ್ದಾರೆ. ಎ ತೆರೆದವರು ಎಷ್ಟು, ಮುಗಿಸಿದವರು ಎಷ್ಟು, ಬಿಯಲ್ಲಿ ಎಷ್ಟು: ಈ ನಾಲ್ಕು ಅಂಕಿ ವರದಿಯ ಮೊದಲ ಟೇಬಲ್‌ನಲ್ಲಿ ಇರಲಿ. ವೈವಾದಲ್ಲಿ ಕೂರುವವರು ಮೊದಲು ಅದನ್ನೇ ಕೇಳಲಿ.