ಎಡೆ ಬಿಟ್ಟು, ಎಡೆಬಿಡದೆ

ಕೇಳುಗರಿಗೆ ನಮಸ್ಕಾರ. ಈ ಹೊತ್ತಿಗೆ ಕಾಸರಗೋಡು ಕಡೆಯ ಜಗಲಿಗಳಲ್ಲಿ ಅಡಿಕೆ ಸುಲಿಯುತ್ತಾ ರೇಡಿಯೋ ಕೇಳುವವರು ಬಹಳ ಮಂದಿ ಇದ್ದೀರಿ. ಕೈಕೆಲಸ ನಡೆಯಲಿ, ಕಿವಿ ಮಾತ್ರ ಇತ್ತ ಕಡೆ ಇರಲಿ.

ನನಗೆ ಹೇಳಲಿಕ್ಕಿರುವುದು ಒಂದೇ ಮಾತು. ಯಾವುದಾದರೂ ನಡೆಯುತ್ತಾ ಇರುತ್ತದೆ ಎಂದು ಹೇಳುವ ಮೊದಲು ನಿಮ್ಮನ್ನೇ ಕೇಳಿಕೊಳ್ಳಿ: ನಡುವೆ ಎಡೆ ಇದೆಯಾ, ಇಲ್ಲವಾ?

ಮಳೆಗಾಲದ ನಡುವಿನ ಆಟಿ ತಿಂಗಳ ಮಳೆ ನೆನಪು ಮಾಡಿಕೊಳ್ಳಿ. ಬೆಳಗ್ಗಿನಿಂದ ರಾತ್ರಿವರೆಗೆ ಹನಿ ಕಡಿಯದೆ ಹೊಯ್ದರೆ ಅದು ಎಡೆಬಿಡದ ಮಳೆ. ಸಂಸ್ಕೃತದ ಪದ ಬೇಕಾದರೆ ನಿರಂತರ ಎನ್ನಿ. ಅಂತರ ಎಂದರೆ ಎಡೆ. ಅದು ಇಲ್ಲದ್ದು ನಿರಂತರ. ಇನ್ನು, ಒಮ್ಮೆ ಜೋರಾಗಿ ಹೊಯ್ದು, ಹೊಳವಾಗಿ, ಮತ್ತೆ ಹೊಯ್ದರೆ? ಅದು ಆಗಾಗ ಬರುವ ಮಳೆ. ಆ ಹೊಳವೇ ಎಡೆ. ನಮ್ಮ ಹಿರಿಯರು ಮಳೆ ನಿಂತ ಆ ಸ್ವಲ್ಪ ಹೊತ್ತಿಗೂ ಒಂದು ಹೆಸರು ಇಟ್ಟಿದ್ದರು ನೋಡಿ, ಎಷ್ಟು ಚಂದ!

ಹೀಗಿರುವಾಗ "ಈ ತಿರುವಿನಲ್ಲಿ ನಿರಂತರ ಅಪಘಾತ" ಎಂದು ಬರೆದರೆ ನನಗೆ ತಡೆಯುವುದಿಲ್ಲ. ಅಪಘಾತ ನಿರಂತರ ಆಗುವುದುಂಟೇ? ಪದೇ ಪದೇ ಆಗುತ್ತದೆ. "ನಿರಂತರ ಕರೆಂಟು ಕಡಿತ" ಎಂದರೆ ಹೋದ ಕರೆಂಟು ಬರಲೇ ಇಲ್ಲವೋ, ಹೋಗಿ ಬಂದು ಮಾಡುತ್ತದೋ? ನಡುವೆ ಎಡೆ ಇದೆಯಾ, ಹೇಳಿ.

ಇದು ಬರೀ ವ್ಯಾಕರಣ ಎಂದುಕೊಳ್ಳಬೇಡಿ. ಪೆರ್ಲದ ಹತ್ತಿರ ನನಗೆ ಪರಿಚಯದ ಒಬ್ಬರು ಕೃಷಿಕರಿದ್ದಾರೆ. ಮುಂಬಯಿಯಲ್ಲಿ ದುಡಿದು ಬಂದು ತೋಟಕ್ಕೆ ಇಳಿದದ್ದು, ಹೊಸಬರು. ಎಳೆ ಅಡಿಕೆ ಉದುರಿಸುವ ಕೊಳೆರೋಗಕ್ಕೆ ಬೋರ್ಡೋ ಎಂಬ ಮದ್ದು ಬಿಡುವ ಕ್ರಮ ನಿಮಗೆಲ್ಲ ಬಾಯಿಪಾಠ: 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, ಮಳೆ ಹಿಡಿಯುವ ಮೊದಲು ಒಮ್ಮೆ, 40-45 ದಿನ ಕಳೆದು ಇನ್ನೊಮ್ಮೆ, ಮಳೆ ಬಿಡದಿದ್ದರೆ ಮೂರನೆಯದು. ಇವರಿಗೆ ಗೊತ್ತಿರಲಿಲ್ಲ. ಯಾರೋ ಹಂಚಿದ ಕನ್ನಡದ ಚೀಟಿಯನ್ನು ನಂಬಿದ್ದರು. ಅದರಲ್ಲಿ ಇದ್ದದ್ದು: "45 ದಿನ ಎಡೆಬಿಡದೆ ಮದ್ದು ಬಿಡಬೇಕು."

ಒಂದು ಸಂಜೆ ಚೀಟಿ ಹಿಡಿದುಕೊಂಡು ನಮ್ಮಲ್ಲಿಗೆ ಬಂದರು. "ಮಾಸ್ಟ್ರೇ, ಮರ ಹತ್ತುವವರು ಎರಡು ದಿನಕ್ಕೆ ಸಿಕ್ಕುವುದೇ ಕಷ್ಟ. 45 ದಿನ ಯಾರನ್ನು ಕರೆಯಲಿ?" ಎಂದರು. ನಾನು ಮಲಯಾಳದ ಮೂಲ ಚೀಟಿ ಹುಡುಕಿಸಿದೆ. ಅಲ್ಲಿ ಇದ್ದದ್ದು "ಇಡವಿಟ್ಟ್". ಎಡೆ ಬಿಟ್ಟು! ಮಲಯಾಳದ ಇಡ, ನಮ್ಮ ಎಡೆ, ಒಂದೇ ಬಳ್ಳಿಯವು. "ಇಡವಿಡಾದೆ" ಎಂದಿದ್ದರೆ ಎಡೆಬಿಡದೆ. ಕನ್ನಡಕ್ಕೆ ತಂದವರು ಬಿಟ್ಟದ್ದನ್ನು ಬಿಡದ್ದು ಮಾಡಿದ್ದರು. ಎರಡೂ ಭಾಷೆ ಮನೆಯಂಗಳದಲ್ಲೇ ಆಡುವ ಊರಿನಲ್ಲಿ ಹೀಗಾದರೆ ಬೇಸರವಾಗದೆ ಇರುತ್ತದೆಯೇ?

ಅಷ್ಟು ಹೊತ್ತಿಗೆ ಆಟಿ ಕಳೆದು ಸೋಣ ತಿಂಗಳು ಬಂದಾಗಿತ್ತು. ಮೊದಲು ಬಿಟ್ಟ ಮದ್ದು ತೊಳೆದು ಹೋಗಿತ್ತು. ತನ್ನಿಂದಾಗದ ಕೆಲಸ ಎಂದು ಎರಡನೆಯ ಮದ್ದನ್ನು ಅವರು ಕೈಬಿಟ್ಟಿದ್ದರು. ಮರುದಿನ ತೋಟಕ್ಕೆ ಹೋದೆ. ಬುಡದಲ್ಲೆಲ್ಲ ಎಳೆ ಅಡಿಕೆ ಉದುರಿ, ಮೇಲೆ ಬಿಳಿ ಬೂಸ್ಟು ಹಿಡಿದಿತ್ತು. ಅವರು ಒಂದೊಂದನ್ನೇ ಹೆಕ್ಕಿ ಬುಟ್ಟಿಗೆ ಹಾಕುತ್ತಾ ಇದ್ದರು, ಮಾತಾಡಲಿಲ್ಲ. "45 ದಿನಕ್ಕೊಮ್ಮೆ" ಎಂದು ಬರೆದಿದ್ದರೆ ಸಾಕಿತ್ತಲ್ಲ! ಆ "ಒಮ್ಮೆ"ಯ ಒಳಗೇ ಎಡೆ ಇದೆ.

ಸಮಯ ಮುಗಿಯುತ್ತಾ ಬಂತು, ಉಳಿದದ್ದನ್ನು ಓಡಿಸುತ್ತೇನೆ. "ಮಳೆ ಬರುತ್ತಲೇ ಇದೆ" ಎಂದರೆ ಎಡೆ ಇಲ್ಲ. "ಬರುತ್ತಿರುತ್ತದೆ" ಎಂದರೆ ಎಡೆ ಇದೆ. "ದಿನ ಬಿಟ್ಟು ದಿನ" ನೀರು ಬಂದರೆ ನಡುವೆ ಒಂದು ದಿನ ಖಾಲಿ. "ಎರಡು ದಿನ ಬಿಟ್ಟು" ಬಂದರೆ ಅದು ಮೂರು ದಿನಕ್ಕೊಮ್ಮೆ, ಎರಡು ದಿನಕ್ಕೊಮ್ಮೆ ಅಲ್ಲ. ಪಾಕ್ಷಿಕ ಎಂದರೆ ಪಕ್ಷಕ್ಕೊಮ್ಮೆ, ಸುಮಾರು 15 ದಿನಕ್ಕೊಮ್ಮೆ. ಸಂಕ್ರಮಣದ ಪೂಜೆಗೆ ತಿಂಗಳ ಎಡೆ.

ಕೊನೆಗೆ ಒಂದು. ಮನೆಯಲ್ಲಿ ಯಾರಿಗಾದರೂ ಡಾಕ್ಟರು ಗುಳಿಗೆ ಬರೆದುಕೊಟ್ಟಿದ್ದರೆ ಚೀಟಿ ತೆಗೆದು ನೋಡಿ. "ದಿನಕ್ಕೆ ಮೂರು ಸಲ" ಎಂದರೆ ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಊಟದ ಹೊತ್ತಿಗೆ ಆದೀತು. "ಎಂಟು ಗಂಟೆಗೊಮ್ಮೆ" ಎಂದಿದ್ದರೆ ನಡುರಾತ್ರಿಯಾದರೂ ಎದ್ದು ಕೊಡಬೇಕು. ಯಾವುದೆಂದು ಗೊತ್ತಾಗದಿದ್ದರೆ ನಾಳೆಯೇ ಹೋಗಿ ಕೇಳಿ, ನಾಚಿಕೆ ಬೇಡ. ನಮಸ್ಕಾರ.